ಅತ್ತೆಯ ಹೆಬ್ಬೆರಳಿಗೊಂದು ರಾಕೆಟ್ಟು

ನಮ್ಮ ಸೋದರಮಾವ ಈವರೆಗೆ ಒಂದು ರಾಕೆಟ್ಟು ಹಾರುವುದನ್ನೂ ನೋಡಿಲ್ಲ. ಹಾರಿಸಿಲ್ಲ ಎಂದಲ್ಲ ಮತ್ತೆ! ಕೆ.ಎಂ.ದೊಡ್ಡಿ ಆಸುಪಾಸಿನ ಕಬ್ಬಿನ ಗದ್ದೆಗಳಿಗೆಲ್ಲ ಗೊತ್ತಾಗುವ ಹಾಗೆ ಹಾರಿಸಿದ್ದಾರೆ. ಆದರೆ ರಾಕೆಟ್ಟು ಸುಯ್ಯೆಂದು ಮೇಲೇಳುವ ಗಳಿಗೆಯಲ್ಲಿ ನಾವೆಲ್ಲ ಕತ್ತೆತ್ತಿ ಬಾಯಿ ಬಿಟ್ಟುಕೊಂಡು ಆಕಾಶ ನೋಡುತ್ತಿದ್ದರೆ, ಇವರೊಬ್ಬರು ಮಾತ್ರ ಬಗ್ಗಿ ನೆಲ ನೋಡುತ್ತಿರುತ್ತಾರೆ. ರಾಕೆಟ್ಟು ಹೊರಟುಹೋದ ಮೇಲೆ ನೆಲದಲ್ಲಿ ಉಳಿಯುವುದಾದರೂ ಏನು? ಒಂದು ತಗಡು, ಒಂದು ಸರಳು, ಎರಡು ವೈರು. ಅದನ್ನೇ ನೋಡುತ್ತಾರೆ, ಆಗಷ್ಟೇ ಕರು ಹಾಕಿದ ಹಸುವನ್ನು ನೋಡುವ ಹಾಗೆ.

"ಮಾವ, ಮೇಲೆ ನೋಡಿ ಮೇಲೆ!" ಎಂದು ನಾನು ಕಿರುಚಿಕೊಂಡರೆ, "ಮೇಲೋದ್ಮೇಲೆ ಅದು ನಮ್ಮಾತು ಕೇಳ್ತದಾ? ನಮ್ ಕೈಲಿರೋದು ಬೆಂಕಿ ಅತ್ತಿಸೋದು ಮಾತ್ರ ಕಣಮ್ಮಿ" ಎನ್ನುತ್ತಾರೆ. ಹೌದಲ್ಲ ಅನ್ನಿಸಿ ನಾನೂ ನೆಲ ನೋಡುತ್ತೇನೆ. ಅಷ್ಟರಲ್ಲಿ ರಾಕೆಟ್ಟು ಯಾರದೋ ಗದ್ದೆಗೆ ಬಿದ್ದಿರುತ್ತದೆ.

ಇದು ಚಂದ್ರನ ಕಡೆಗೆ ಹೋಗುವ ರಾಕೆಟ್ಟೇನೂ ಅಲ್ಲ. ಮೊಳದುದ್ದದ ರಟ್ಟಿನ ಕೊಳವೆ, ತುದಿಗೊಂದು ಚೂಪು ಟೋಪಿ, ಬಾಲಕ್ಕೆ ಮೂರು ರೆಕ್ಕೆ. ಹೊಟ್ಟೆಯೊಳಗೆ ಬೆರಳಿನಷ್ಟುದ್ದದ ಎಂಜಿನ್ನು. ಅದು ಅಂಗಡಿಯಿಂದಲೇ ಸಿದ್ಧವಾಗಿ ಬರುತ್ತದೆ. ಎಂಜಿನ್ನಿನ ಬುಡಕ್ಕೆ ಕೂದಲಿನಂಥ ಒಂದು ತಂತಿ ಸಿಕ್ಕಿಸಿ, ಆ ತಂತಿಯ ಎರಡು ತುದಿಗಳನ್ನು ಎರಡು ಕ್ಲಿಪ್ಪುಗಳಿಗೆ ಕಚ್ಚಿಸಿ, ದೂರದಲ್ಲಿ ನಿಂತು ಗುಂಡಿ ಒತ್ತಬೇಕು. ಕರೆಂಟು ಹರಿದು ತಂತಿ ಕೆಂಪಗಾದರೆ ಎಂಜಿನ್ನು ಹತ್ತಿಕೊಳ್ಳುತ್ತದೆ. ಆಗದಿದ್ದರೆ? ಆಗದಿದ್ದರೆ ನಾವೆಲ್ಲ ಮುಖ ಮುಖ ನೋಡಿಕೊಂಡು ಕಾಫಿ ಕುಡಿಯಲು ಹೋಗಬೇಕು.

ಮಾವ ನಿವೃತ್ತ ಪಿ.ಟಿ. ಮೇಷ್ಟ್ರು. ಮಳವಳ್ಳಿ ಕಡೆಯ ಹೈಸ್ಕೂಲಿನಲ್ಲಿ ಮಕ್ಕಳನ್ನು ಓಡಿಸಿ ಓಡಿಸಿ ತಾವು ಮಾತ್ರ ನಿಂತಲ್ಲೇ ನಿಂತು ನಿವೃತ್ತರಾದವರು. ಓಟದಲ್ಲಿ ಯಾರು ಗೆದ್ದರು ಎಂಬುದು ಆಗಲೂ ಅವರಿಗೆ ಮುಖ್ಯವಾಗಿರಲಿಲ್ಲವಂತೆ. ಪೀಪಿ ಊದಿದ ತಕ್ಷಣ ಹುಡುಗ ಕಾಲು ಕಿತ್ತನೋ ಇಲ್ಲವೋ, ಅಷ್ಟೇ ಅವರ ಲೆಕ್ಕ. ಇನ್ನು ಕರೆಂಟಿನ ವಿಷಯದಲ್ಲಿ ಅವರ ಪಾಂಡಿತ್ಯವೆಂದರೆ, ಸ್ವಿಚ್ಚು ಹಾಕಿದರೆ ಬರುತ್ತದೆ, ಬರದಿದ್ದರೆ ಲೈನ್‌ಮನ್ನನ್ನು ಬೈಯಬೇಕು. ಇಂಥವರು ರಾಕೆಟ್ಟಿನ ಉಡಾವಣಾ ಪೀಠವನ್ನು ತಿದ್ದಿ ತೀಡಿ ಸುಧಾರಿಸಲು ಹೊರಟರೆ ಏನಾಗಬೇಡ!

ಯಾಕೆ ಹೊರಟರು ಎಂದು ಹೇಳಲು ನಾನು ಅತ್ತೆಯ ಬಲಗೈಯಿಂದ ಶುರುಮಾಡಬೇಕು.

ಅತ್ತೆಗೆ ಲಕ್ವ ಹೊಡೆದಿತ್ತು. ಕಾಲು ಬೇಗ ಸರಿಹೋಯಿತು. ಮಾತೂ ಮರಳಿ ಬಂತು, ಅದೂ ಮೊದಲಿಗಿಂತ ಹರಿತವಾಗಿ! ಆದರೆ ಬಲಗೈ ಮಾತ್ರ ಮುನಿಸಿಕೊಂಡು ಕೂತುಬಿಟ್ಟಿತು. ಮಂಡ್ಯದ ಡಾಕ್ಟರು ಪರೀಕ್ಷೆ ಮಾಡಿ, "ಕೈಯಲ್ಲಿ ಶಕ್ತಿ ಇದೆ. ಉಪಯೋಗಿಸಿದರೆ ಬರುತ್ತದೆ, ಉಪಯೋಗಿಸದಿದ್ದರೆ ಹೋಗುತ್ತದೆ" ಎಂದು ಒಂದು ರಬ್ಬರು ಚೆಂಡು ಕೊಟ್ಟು, ದಿನವೂ ಹಿಚುಕಲು ಹೇಳಿದರು. ಅತ್ತೆ ಮನೆಗೆ ಬಂದವರೇ ಅದನ್ನು ನಾಯಿಗೆ ಹಾಕಿದರು.

"ಚೆಂಡಿಚುಕ್ಕೊಂಡು ಕುಂತ್ಕೊಳಕೆ ನಾನೇನು ತೊಟ್ಲು ಕೂಸಾ?" ಎಂದು ಕೇಳಿದರು. ನಾಯಿ ಬಹಳ ಶ್ರದ್ಧೆಯಿಂದ ವ್ಯಾಯಾಮ ಮಾಡಿತು. ಈಗ ಅದರ ದವಡೆಗೆ ಊರಲ್ಲಿ ಸಮನಿಲ್ಲ.

ಅತ್ತೆ ಎಲ್ಲವನ್ನೂ ಎಡಗೈಯಲ್ಲೇ ಮಾಡತೊಡಗಿದರು. ಸೌಟು ಎಡಗೈಯಲ್ಲಿ, ಪೊರಕೆ ಎಡಗೈಯಲ್ಲಿ, ಮಾವನನ್ನು ಬೈಯುವಾಗ ತೋರಿಸುವ ಬೆರಳೂ ಎಡಗೈಯದೇ. ಬಲಗೈ ಸೆರಗಿನೊಳಗೆ ಸೇರಿಕೊಂಡಿತು. ಯಾರಾದರೂ ಬಂದರೆ ಇನ್ನಷ್ಟು ಒಳಕ್ಕೆ ಹೋಗುತ್ತಿತ್ತು. ಮೂರೂ ಹೊತ್ತು ನಗಾಡಿಸುತ್ತಿದ್ದ ಹೆಂಗಸು ಒಂದು ಕೈಯನ್ನು ಹೀಗೆ ಬಚ್ಚಿಟ್ಟುಕೊಂಡು ಓಡಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಮಾವನಿಗೆ ಎಷ್ಟಾಗಿರಬೇಡ?

ಹೀಗಿರುವಾಗ ಮಾವನನ್ನು ಮಳವಳ್ಳಿಯ ಒಂದು ಶಾಲೆಯವರು ವಿಜ್ಞಾನ ಪ್ರದರ್ಶನಕ್ಕೆ ಅತಿಥಿಯಾಗಿ ಕರೆದರು. ವಿಜ್ಞಾನಕ್ಕೂ ಪೀಪಿಗೂ ಏನು ಸಂಬಂಧ ಎಂದು ಕೇಳಬೇಡಿ, ಬರಬೇಕಾದವರು ಬಂದಿರಲಿಲ್ಲವಂತೆ. ದೀಪ ಹಚ್ಚುವ ಬದಲು ರಾಕೆಟ್ಟು ಹಾರಿಸಿ ಉದ್ಘಾಟನೆ ಎಂದು ಮಾವನ ಕೈಗೆ ಗುಂಡಿಯ ಡಬ್ಬಿ ಕೊಟ್ಟರು. ಮಾವ ಒತ್ತಿದರು. ಅದು ಸುಯ್ಯೆಂದಿತು. ಜನ ಚಪ್ಪಾಳೆ ತಟ್ಟಿದರು. ಮಾವ ಹೆಬ್ಬೆರಳನ್ನೇ ನೋಡಿಕೊಂಡು ನಿಂತರಂತೆ. ಆಮೇಲೆ ಭಾಷಣವನ್ನೂ ಮಾಡದೆ ಬಸ್ಸು ಹತ್ತಿ ನೇರವಾಗಿ ಮಂಡ್ಯಕ್ಕೆ, ನಮ್ಮ ಮನೆಗೆ ಬಂದರು. ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲು, ಕೈಯಲ್ಲಿ ಆ ಡಬ್ಬಿ!

"ಇದನ್ಯಾಕೆ ತಂದ್ರಿ ಮಾವ?"

"ಕೈಲೇ ಉಳ್ಕತ್ತು. ನಾಳೆ ಕೊಟ್ಬುಡ್ತೀನಿ. ಈಗ ನಾನೇಳೋದು ವಸಿ ಕೇಳು. ಚೆಂಡು ಇಚುಕಿದ್ರೆ ಏನಾಯ್ತದೆ?"

"ಏನೂ ಆಗಲ್ಲ."

"ಅದ್ಕೇ ಅವ್ಳು ಇಚುಕಲ್ಲ! ಒತ್ತಿದ್ರೆ ಏನಾರ ಆಗ್ಬೇಕು. ಏನಾರಲ್ಲ, ಜೋರಾಗಿ ಆಗ್ಬೇಕು. ಬಲಗೈ ಎಬ್ಬೆಟ್ಟಲ್ಲಿ ಒಂದ್ಕಿತ ಒತ್ತಿ, ಆ ರಾಕೆಟ್ಟು ಎದ್ದೋಗೋದ ಅವ್ಳು ನೋಡ್ಬುಟ್ರೆ ಸಾಕು. ಆಮ್ಯಾಕೆ ಆ ಕೈ ಸೆರಗೊಳ್ಗೆ ಓಗಲ್ಲ ಕಣಮ್ಮಿ."

ಮಂಡ್ಯದ ಯಾವ ಡಾಕ್ಟರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ನಾನು ಆವತ್ತೇ ಫೋನಿನಲ್ಲಿ ರಾಕೆಟ್ಟಿನ ಒಂದು ಕಿಟ್ಟು ತರಿಸಿಕೊಟ್ಟೆ. ಪೀಠ, ಡಬ್ಬಿ, ಗುಂಡಿ ಎಲ್ಲ ಅದರೊಳಗೇ ಇದ್ದವು. ಡಬ್ಬಿಗೆ ಹಾಕುವ ಸೆಲ್ಲುಗಳನ್ನು ಮಾತ್ರ ಮಾವ ಊರಿನ ಅಂಗಡಿಯಲ್ಲಿ ಕೊಂಡರು. ಎಡವಟ್ಟಾದದ್ದು ಅಲ್ಲಿಯೇ.

ಭಾನುವಾರ ಕಣದಲ್ಲಿ ರಾಕೆಟ್ಟು ನಿಂತಿತು. ಮಾವ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟು, ಬಲಗೈಯನ್ನು ಸೆರಗಿನಿಂದ ಹೊರಗೆ ಕರೆತಂದು ಹೆಬ್ಬೆರಳನ್ನು ಗುಂಡಿಯ ಮೇಲೆ ಕೂರಿಸಿದರು. ಪೀಪಿ ಊದಿದರು. ಅತ್ತೆ ಒತ್ತಿದರು. ಹಲ್ಲು ಕಚ್ಚಿಕೊಂಡು, ಹಣೆಯಲ್ಲಿ ಬೆವರೊಡೆಯುವ ಹಾಗೆ ಒತ್ತಿದರು. ರಾಕೆಟ್ಟು ಮಿಸುಕಲಿಲ್ಲ. ಮತ್ತೆ ಪೀಪಿ, ಮತ್ತೆ ಒತ್ತಿದರು. ಊಹೂಂ. ಸೆಲ್ಲುಗಳು ಅದೆಷ್ಟು ವರ್ಷ ಅಂಗಡಿಯಲ್ಲಿ ಕೂತಿದ್ದವೋ!

ಸೆಲ್ಲಿನ ತಪ್ಪು ಎಂದು ನಾವೆಲ್ಲ ಬಾಯಿ ಬಡಿದುಕೊಂಡರೂ ಅತ್ತೆ ನಂಬಲಿಲ್ಲ. "ಸುಳ್ಳೇಳ್ಬ್ಯಾಡಿ. ಈ ಕೈ ಸತ್ತೋಗದೆ" ಎಂದು ಎದ್ದು ಒಳಗೆ ಹೋದರು. ಮಾವ ಪೀಪಿಯನ್ನು ಬಾಯಲ್ಲೇ ಇಟ್ಟುಕೊಂಡು ನಿಂತಿದ್ದರು. ಅವರು ಉಸಿರಾಡಿದಾಗೆಲ್ಲ ಅದು ಸಣ್ಣಗೆ ಊದಿಕೊಳ್ಳುತ್ತಿತ್ತು.

ಆ ದಿನದಿಂದ ಮಾವನಿಗೆ ಹಿಡಿದ ಹುಚ್ಚೇ ಈ ಪೀಠ. ಇನ್ನೊಮ್ಮೆ ಅವಳು ಒತ್ತಿದಾಗ ತಪ್ಪಬಾರದು. ಸತ್ತರೂ ತಪ್ಪಬಾರದು. ಇದೇ ಅವರ ಶಪಥ. "ನೀನು ಸೈನ್ಸು ಟೀಚರು, ಯೋಳು" ಎಂದು ನನಗೆ ದಿನಕ್ಕೆ ಹತ್ತು ಫೋನು. ನಾನು ಕಲಿಸುವುದು ಜೀವಶಾಸ್ತ್ರ ಸ್ವಾಮಿ! ನನಗೆ ಕಪ್ಪೆಯ ಹೃದಯದಲ್ಲಿ ಎಷ್ಟು ಕೋಣೆ ಎಂದು ಗೊತ್ತು. ಬ್ಯಾಟರಿಯ ಸಂಕಟ ನನಗೇನು ಗೊತ್ತು?

ಮೊದಲು ತಗಡಿನ ಸುಧಾರಣೆ ನಡೆಯಿತು. ರಾಕೆಟ್ಟಿನ ಬೆಂಕಿ ನೆಲಕ್ಕೆ ತಾಗದ ಹಾಗೆ ಕಿಟ್ಟಿನಲ್ಲಿ ಒಂದು ತೆಳು ತಗಡಿತ್ತು. ಅದು ಅಲುಗಾಡಿದರೆ ಕ್ಲಿಪ್ಪು ಜಾರುತ್ತದೆ ಎಂದು ಮಾವನಿಗೆ ಅನುಮಾನ. ಭಾರವಾದದ್ದು ಬೇಕೆಂದು ಮನೆಯೆಲ್ಲ ಹುಡುಕಿ ಕೊನೆಗೆ ಅಡುಗೆಮನೆಯಿಂದ ದೋಸೆಯ ಹೆಂಚನ್ನು ಎತ್ತಿಕೊಂಡು ಹೋದರು. ಹಿಡಿಯ ಹತ್ತಿರ ಒಂದು ತೂತು ಕೊರೆಸಿ ಸರಳು ನೆಟ್ಟು, ರಾಕೆಟ್ಟು ಹಾರಿಸಿ, ಪಾಪದವರಂತೆ ತೊಳೆದು ಮತ್ತೆ ತಂದಿಟ್ಟರು. ಮಾರನೆಯ ಬೆಳಗ್ಗೆ ಮನೆಯ ಸೊಸೆ ಹುಯ್ದ ದೋಸೆ ದೀಪಾವಳಿಯ ವಾಸನೆ ಹೊಡೆಯುತ್ತಿತ್ತು.

"ಏನ್ ತಾಯಿ ಇದು, ಒಗ್ಗರಣೆಗೆ ಪಟಾಕಿ ಆಕಿದ್ದೀಯಾ?" ಎಂದು ಅತ್ತೆ ಕೇಳಿದರಂತೆ. ಸೊಸೆ ಹೆಂಚನ್ನು ಎತ್ತಿ ಬೆಳಕಿಗೆ ಹಿಡಿದಳು. ತೂತಿನಿಂದ ಸೂರ್ಯ ಕಂಡ!

ಹೆಂಚು ಪೀಠಕ್ಕೇ ಉಳಿಯಿತು. ಮುಂದೆ ಬಂತು ಬ್ಯಾಟರಿಯ ಸುಧಾರಣೆ. ಸೆಲ್ಲುಗಳ ಮೇಲೆ ಮಾವನಿಗೆ ಜೀವಮಾನದ ಹಗೆ ಹುಟ್ಟಿತ್ತಲ್ಲ, ಮೊದಲು ಸ್ಕೂಟರಿನ ಬ್ಯಾಟರಿ ಕಿತ್ತರು. ಹತ್ತಿತು. ಆದರೆ ಒಂದು ಕ್ಷಣ ಯೋಚನೆ ಮಾಡಿ ಹತ್ತಿತು! ಆ ಒಂದು ಕ್ಷಣವೇ ಬೇಡ ಎಂಬುದು ಮಾವನ ವಾದ. ಆ ಕ್ಷಣದಲ್ಲೇ ಅವಳು ಕೈ ಸತ್ತಿದೆ ಎಂದುಕೊಂಡುಬಿಡುತ್ತಾಳೆ. ಹಾಗಾಗಿ ಟ್ರಾಕ್ಟರಿನ ಬ್ಯಾಟರಿಗೇ ಕೈಹಾಕಿದರು.

ಕಬ್ಬು ಅರೆಯುವ ಕಾಲ. ಅವರ ಮಗ ರಾತ್ರಿಯೇ ಟ್ರೈಲರಿಗೆ ಕಬ್ಬು ತುಂಬಿಸಿ ಬೆಳಗ್ಗೆ ಫ್ಯಾಕ್ಟರಿಗೆ ಹೊರಡಲು ಕೀಲಿ ತಿರುಗಿಸಿದರೆ ಟ್ರಾಕ್ಟರು ಕೆಮ್ಮಲೂ ಇಲ್ಲ. ಬಾನೆಟ್ಟು ಎತ್ತಿದರೆ ಬ್ಯಾಟರಿಯ ಜಾಗದಲ್ಲಿ ಒಂದು ಇಟ್ಟಿಗೆ! ಖಾಲಿ ಕಾಣಬಾರದೆಂದು ಇಟ್ಟದ್ದಂತೆ. ಹಿಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು.

"ಯಪ್ಪೋ, ಬ್ಯಾಟ್ರಿ ಎಲ್ಲಿ ಮಡಗಿದ್ದೀಯಪ್ಪೋ?"

"ಕಣದಲ್ಲದೆ ಕಣ್ಲಾ. ಕೂಗ್ಬ್ಯಾಡ, ನಿಮ್ಮವ್ವಂಗೆ ಕೇಳಿಸ್ತದೆ."

"ಕಬ್ಬು ಒಣುಗ್ತದೆ ಕಣಪ್ಪ!"

"ನಿಮ್ಮವ್ವನ ಕೈ ಒಣುಗ್ತಾ ಅದೆ ಕಣ್ಲಾ" ಎಂದರು ಮಾವ.

ಮಗ ತಾನೇ ಕಣಕ್ಕೆ ಹೋಗಿ ಬ್ಯಾಟರಿ ಹೊತ್ತು ತಂದ. ಮುಂದಿನ ವಾರ ಒಂದು ಹಳೆಯ ಟ್ರಾಕ್ಟರು ಬ್ಯಾಟರಿಯನ್ನು ಎಲ್ಲಿಂದಲೋ ತಂದು, ಚಾರ್ಜು ಮಾಡಿಸಿ, ಅಪ್ಪನ ಪೀಠದ ಪಕ್ಕದಲ್ಲಿ ಇಟ್ಟು ಹೋದ.

ಇಷ್ಟಾದರೂ ಸಮಾಧಾನವಿಲ್ಲ. ಬ್ಯಾಟರಿ ಗುಂಡಿಯ ಹತ್ತಿರ, ರಾಕೆಟ್ಟು ಅಷ್ಟು ದೂರ. ನಡುವಿನ ಉದ್ದ ವೈರಿನಲ್ಲಿ ಕರೆಂಟು ಸುಸ್ತಾಗುತ್ತದೆ ಎಂದು ಮಾವನಿಗೆ ಹೊಳೆಯಿತು. ಓಡಿಸಿ ಅನುಭವವಿದ್ದವರಲ್ಲವೇ? ಮದ್ದೂರಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಭಾಯಿಯ ಬಳಿ ನನ್ನನ್ನೂ ಎಳೆದುಕೊಂಡು ಹೋದರು.

"ಯಾವ ಗಾಡಿಗೆ ಸಾರ್?" ಎಂದರು ಭಾಯಿ.

"ಆಕಾಸಕ್ಕೋಗೋ ಗಾಡಿಗೆ."

ಭಾಯಿ ನಗುತ್ತ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಮಾವ ಎಲ್ಲವನ್ನೂ ವಿವರಿಸಿದರು, ಅತ್ತೆಯ ಕೈಯ ವಿಷಯವನ್ನೂ ಸೇರಿಸಿ. ಭಾಯಿ ನಗುವುದನ್ನು ನಿಲ್ಲಿಸಿ ಲಾರಿಯ ಹಾರ್ನಿಗೆ ಹಾಕುವ ರಿಲೇ ಒಂದನ್ನು ತೆಗೆದರು. ಅದರ ಗುಟ್ಟು ಸರಳ. ಬ್ಯಾಟರಿಯನ್ನು ರಾಕೆಟ್ಟಿನ ಮಗ್ಗುಲಲ್ಲೇ ಇಟ್ಟು, ಗಿಡ್ಡನೆಯ ದಪ್ಪ ವೈರಿನಲ್ಲಿ ಕರೆಂಟು ಕೊಡುವುದು. ದೂರದ ಗುಂಡಿಯಿಂದ ಒಂದು ಸಣ್ಣ ಸನ್ನೆ ಹೋದರೆ ಸಾಕು, ರಿಲೇ ಟಿಕ್ ಎಂದು ಬಾಗಿಲು ತೆಗೆದು ಪೂರಾ ಕರೆಂಟನ್ನು ನುಗ್ಗಿಸುತ್ತದೆ. ಗುಂಡಿಯಂತೂ ಮೆತ್ತಗೆ ಮುಟ್ಟಿದರೆ ಸಾಕು. "ಅಮ್ಮಾವ್ರು ಒತ್ತೋದೇ ಬ್ಯಾಡ ಸಾರ್, ಮನಸ್ಸು ಮಾಡಿದ್ರೆ ಸಾಕು" ಎಂದರು ಭಾಯಿ.

ಭಾಯಿ ಹೇಳಿದ್ದು ಅಕ್ಷರಶಃ ನಿಜವಾಯಿತು. ಮಾವ ಕಣದಲ್ಲಿ ರಾಕೆಟ್ಟು ನಿಲ್ಲಿಸಿ, ಗುಂಡಿಯನ್ನು ಜಗಲಿಯ ಮೇಲಿಟ್ಟು, ಅತ್ತೆಯನ್ನು ಕರೆಯಲು ಒಳಗೆ ಹೋದರು. ಅಷ್ಟರಲ್ಲಿ ಒಂದು ಕೋಳಿ ಜಗಲಿಗೆ ಹಾರಿ ಗುಂಡಿಯ ಮೇಲೆ ಕಾಲಿಟ್ಟಿತು. ಸುಯ್ಯ್! ರಾಕೆಟ್ಟು ಒಂದು ದಿಕ್ಕಿಗೆ, ಕೋಳಿ ಇನ್ನೊಂದು ದಿಕ್ಕಿಗೆ! ಆ ಕೋಳಿ ಸಂಜೆಯವರೆಗೂ ಹುಲ್ಲಿನ ಮೆದೆ ಬಿಟ್ಟು ಇಳಿಯಲಿಲ್ಲ. ಪಕ್ಕದ ಮನೆಯವರು, ನಾನು, ಸೊಸೆ, ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮಾವನಿಗಂತೂ ಪೀಠ ಗೆದ್ದ ಸಂಭ್ರಮ. "ಒಂದ್ ಕ್ಷಣ ತಡ ಆಗ್ನಿಲ್ಲ! ನೋಡ್ದಾ? ನೋಡ್ದಾ?" ಎಂದು ಕುಣಿದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ ನಗಲಿಲ್ಲ. "ಕೋಳಿ ಕಾಲ್ಗಿರೋ ಸಕ್ತಿನೂ ನನ್ ಕೈಗಿಲ್ಲ" ಎಂದು ಹೇಳಿ ಒಳಗೆ ಹೋದರು. ನಮ್ಮ ನಗು ಅಲ್ಲಿಗೇ ನಿಂತಿತು. ಮಾವ ಗುಂಡಿಯನ್ನು ಕೈಗೆತ್ತಿಕೊಂಡು ಜಗಲಿಯ ತುದಿಯಲ್ಲಿ ಕೂತರು.

ಅದಾದ ಮೇಲೆ ಮಾವ ಸ್ಕೂಟರಿನ ಕೀಲಿಯೊಂದನ್ನು ಗುಂಡಿಯ ಡಬ್ಬಿಗೆ ಜೋಡಿಸಿದರು. ಕೀಲಿ ತಿರುಗಿಸದೆ ಯಾವ ಕೋಳಿಯೂ ಇನ್ನು ರಾಕೆಟ್ಟು ಹಾರಿಸುವಂತಿಲ್ಲ. ಕೀಲಿ ಸದಾ ಅವರ ಜೇಬಿನಲ್ಲಿ. ಕಣದಲ್ಲಿ, ಶಾಲೆಯ ಮೈದಾನದಲ್ಲಿ ಎಳೆಯುತ್ತಿದ್ದ ಹಾಗೆ, ಸುಣ್ಣದ ಪುಡಿಯಿಂದ ದುಂಡಗೆ ಒಂದು ಗೆರೆ ಹಾಕಿ, ರಾಕೆಟ್ಟು ಸಿದ್ಧವಾದ ಮೇಲೆ ಅದರೊಳಗೆ ಯಾರೂ ಕಾಲಿಡಬಾರದೆಂದು ಕಾನೂನು ಮಾಡಿದರು. ತಾವೂ ಇಡುತ್ತಿರಲಿಲ್ಲ. ಪ್ರತಿ ಭಾನುವಾರ ಪರೀಕ್ಷೆ. ಒತ್ತುವವಳು ನಾನು. ನಾನು ಒತ್ತುತ್ತಿದ್ದೆ, ಅದು ಹಾರುತ್ತಿತ್ತು, ಮಾವ ನೆಲ ನೋಡುತ್ತಿದ್ದರು. ಕಬ್ಬು ಕಡಿಯುವವರು ಗದ್ದೆಯೊಳಗಿಂದ ಒಂದೊಂದೇ ರಾಕೆಟ್ಟು ಹೆಕ್ಕಿ ತಂದು, "ಮೇಷ್ಟ್ರೇ, ನಿಮ್ ಫಸಲು ತಕ್ಕಳಿ" ಎಂದು ಕೊಟ್ಟು ಹೋಗುತ್ತಿದ್ದರು.

ಅತ್ತೆ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಕರೆದರೆ ಬರುತ್ತಿರಲಿಲ್ಲ.

ಕೊನೆಗೆ ಒಂದು ದಿನ ಅವರೇ ಒಪ್ಪಂದಕ್ಕೆ ಬಂದರು. "ಆಯುಧ ಪೂಜೆ ದಿವ್ಸ ಒಂದ್ಕಿತ ಒತ್ತುತೀನಿ. ಅದೇ ಕೊನೆ. ಆಮ್ಯಾಕೆ ಈ ಉಚ್ಚಾಟ ಬುಟ್ಬುಡ್ಬೇಕು ನೀವು. ನನ್ ಕೈ ಸುದ್ದಿ ಎತ್ಬಾರದು" ಎಂದರು. ಮಾವ ಒಪ್ಪಿಕೊಂಡರು. ಒಪ್ಪಿಕೊಂಡು ನನಗೆ ಫೋನು ಮಾಡಿದಾಗ ಅವರ ಧ್ವನಿ ಎಂದಿನಂತಿರಲಿಲ್ಲ. "ಒಂದೇ ಚಾನ್ಸು ಕಣಮ್ಮಿ. ರಾಕೆಟ್ಟು ಅತ್ತದೆ ಇದ್ರೆ ಅವ್ಳ ಕೈ ಅಲ್ಗೇ ಮುಗೀತು" ಎಂದರು.

ಹಬ್ಬದ ದಿನ ನಾನು ಬೆಳಗಿನ ಬಸ್ಸಿಗೇ ಹೋದೆ. ಅಂಗಳದಲ್ಲಿ ಟ್ರಾಕ್ಟರು, ಸ್ಕೂಟರು, ನೇಗಿಲು, ಕುಡುಗೋಲು, ಮಚ್ಚು, ಎಲ್ಲವೂ ಮಿಂದು ಮಡಿಯಾಗಿ ನಿಂತಿದ್ದವು. ಸೊಸೆ ಅಚ್ಚುಕಟ್ಟಾಗಿ ಒಂದೊಂದಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದಳು. ಮಾವ ನಸುಕಿನಲ್ಲೇ ಕಣದಲ್ಲಿ ರಾಕೆಟ್ಟು ನಿಲ್ಲಿಸಿ, ಕ್ಲಿಪ್ಪು ಕಚ್ಚಿಸಿ, ಸುಣ್ಣದ ಗೆರೆ ಎಳೆದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಸ್ನಾನಕ್ಕೆ ಹೋಗಿದ್ದರು. ನಾನು ಬರುವ ಹೊತ್ತಿಗೆ ಹೊಸ ಪಂಚೆ ಉಟ್ಟು, ಪೀಪಿ ತೂಗುಹಾಕಿಕೊಂಡು ಗೆರೆಯ ಆಚೆ ಕಾವಲು ನಿಂತಿದ್ದರು. ಪೀಠಕ್ಕೂ ಹಾರ ಸುತ್ತಿತ್ತು, ಅದೂ ಸೊಸೆಯ ಕೆಲಸವೇ ಎಂದುಕೊಂಡೆವು.

ಮಂಗಳಾರತಿ ಆಯಿತು. ನಿಂಬೆಹಣ್ಣು ಟ್ರಾಕ್ಟರಿನ ಗಾಲಿಗೆ ಸಿಕ್ಕು ಅಪ್ಪಚ್ಚಿಯಾಯಿತು. ನೆರೆಹೊರೆಯವರೆಲ್ಲ ಕಣಕ್ಕೆ ಬಂದರು. ಅತ್ತೆ ಕುರ್ಚಿಯಲ್ಲಿ ಕೂತರು. ಮಾವ ಕೀಲಿ ತಿರುಗಿಸಿ, ಗುಂಡಿಯನ್ನು ಅತ್ತೆಯ ತೊಡೆಯ ಮೇಲಿಟ್ಟು, ಬಲಗೈಗಾಗಿ ಕಾದರು. ಅತ್ತೆ ಸುತ್ತಲೂ ನಿಂತವರನ್ನು ಒಮ್ಮೆ ನೋಡಿದರು. ಆಮೇಲೆ ಎಡಗೈಯನ್ನು ಚಾಚಿದರು.

"ಬಲಗೈ ಕಣೇ..." ಎಂದರು ಮಾವ ಮೆಲ್ಲಗೆ.

"ಇಷ್ಟು ಜನ್ರ ಮುಂದೆ ಬ್ಯಾಡಿ. ಇದ್ರಲ್ಲೇ ಒತ್ತುತೀನಿ. ಒತ್ತುತೀನಿ ಅಂದಿದ್ದೆ, ಯಾವ್ ಕೈ ಅಂತ ಯೋಳಿರ್ನಿಲ್ಲ."

ಮಾವನ ಮುಖ ಬಾಡಿಹೋಯಿತು. ಆದರೂ ಮೇಷ್ಟ್ರಲ್ಲವೇ, ಪೀಪಿ ಊದಿದರು. ಅತ್ತೆ ಎಡಗೈಯ ಹೆಬ್ಬೆರಳಿನಿಂದ ಒತ್ತಿದರು. ರಿಲೇ ಟಿಕ್ ಎಂದದ್ದು ನಮಗೆಲ್ಲ ಕೇಳಿಸಿತು. ರಾಕೆಟ್ಟು ನಿಂತಲ್ಲೇ ನಿಂತಿತ್ತು.

ಇನ್ನೊಮ್ಮೆ ಒತ್ತಿದರು. ಟಿಕ್. ಮತ್ತೇನೂ ಇಲ್ಲ.

ಹೆಂಚು, ಬ್ಯಾಟರಿ, ರಿಲೇ, ಕೋಳಿ, ಇಷ್ಟೆಲ್ಲ ಆದ ಮೇಲೆ, ಬೇಕಾದ ಆ ಒಂದು ದಿನ ಕೈಕೊಟ್ಟಿತ್ತು! ಯಾರೂ ನಗಲಿಲ್ಲ. ಮಾವ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ತಮ್ಮದೇ ಕಾನೂನು ಮುರಿದು, ಸುಣ್ಣದ ಗೆರೆ ದಾಟಿ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಬಗ್ಗಿ ನೋಡಿದವರೇ ಮೈದಾನದ ಧ್ವನಿಯಲ್ಲಿ ಗುಡುಗಿದರು.

"ಯಾರು ಇಲ್ಲಿ ಊವ ಸಿಗ್ಸಿರೋದು?"

ಒಂದು ಕ್ಲಿಪ್ಪಿನ ಬಾಯಲ್ಲಿ ಚೆಂಡುಹೂವೊಂದು ತೊಟ್ಟಿನ ಸಮೇತ ನೆಟ್ಟಗೆ ನಿಂತಿತ್ತು. ಕಚ್ಚಿರಬೇಕಾದ ತಂತಿ ಹೊರಕ್ಕೆ ಜಾರಿ ಪಕ್ಕದಲ್ಲಿ ನೇತಾಡುತ್ತಿತ್ತು. ಪೀಠಕ್ಕೆಲ್ಲ ಹಾರ ಸುತ್ತಿದ್ದರಿಂದ ಆ ಒಂಟಿ ಹೂವು ದೂರದಿಂದ ಕಂಡಿರಲಿಲ್ಲ. ಸೊಸೆ ಗಾಬರಿಯಾಗಿ, "ನಾನಲ್ಲ ಮಾವ, ಗೆರೆ ಅದೆ ಅಂತ ನಾನು ಇತ್ತಾಗೆ ಬರ್ನೇ ಇಲ್ಲ" ಎಂದಳು. ಹಾಗಾದರೆ ಹಾರ ಹಾಕಿದವರು ಯಾರು?

"ನಾನೇ" ಎಂದರು ಅತ್ತೆ ಕುರ್ಚಿಯಿಂದ. "ನೀವು ಮೀಯಕ್ಕೋದಾಗ ಬಂದಿದ್ದೆ. ಮಚ್ಗೂ ಪೂಜೆ ಆಯ್ತು, ಪೊರಕೆಗೂ ಆಯ್ತು. ನೀವು ಇಷ್ಟು ದಿವ್ಸ ಒದ್ದಾಡಿರೋ ಸಾಮಾನು, ಇದ್ಕೊಬ್ರು ಊವ ಇಕ್ಕಿರ್ನಿಲ್ಲ. ನಂಗೆ ತಡೀನಿಲ್ಲ. ಆರ ಸುತ್ತಿ, ಒಂದೂವ ಮುಡಿಸನ ಅಂದ್ರೆ ನಿಲ್ಲೋ ಜಾಗನೇ ಇಲ್ಲ ಅದ್ರಲ್ಲಿ. ಆ ಬಾಯೊಂದ್ ಕಾಣ್ತು, ಅದ್ಕೇ ಸಿಗ್ಸುದೆ."

ಮಾವ ಮತ್ತೆ ಬಗ್ಗಿದರು. ಹೂವನ್ನು ಕೀಳಲು ಒಂದು ಕೈ ಹಾಕಿದರು, ಬರಲಿಲ್ಲ. ಭಾಯಿ ರಿಲೇ ಜೊತೆಗೆ ಕೊಟ್ಟಿದ್ದ, ಲಾರಿಯವರು ಬಳಸುವ ಬಿಗಿ ಸ್ಪ್ರಿಂಗಿನ ಕ್ಲಿಪ್ಪು ಅದು. ಒಂದು ಕೈಯಲ್ಲಿ ಅದರ ಬಾಯನ್ನು ಅಗಲಿಸಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳುಗಳಲ್ಲಿ ತೊಟ್ಟನ್ನು ಒಳಗೆ ತೂರಿಸಬೇಕು. ಬೇರೆ ದಾರಿಯಿಲ್ಲ. ಮಾವ ಆ ಹೂವನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದ್ಕೆ ಎರಡು ಕೈ ಬೇಕಲ್ಲೇ?" ಎಂದರು.

"ಊಂ, ಬೇಕು. ಎಡಗೈಲಿ ಅದ್ರ ಬಾಯಿ ತಗ್ದೆ."

"ಊವ?"

"ಇದೇನ್ ಇಂಗ್ ಕೇಳ್ತೀರಿ? ಪೂಜೆಗೆ ಊವ ಎಡಗೈಲಿ ಇಕ್ಕಕ್ಕಾದದಾ?"

ಅಷ್ಟು ಹೇಳಿದ ಮೇಲೆ ಅತ್ತೆಗೇ ಗೊತ್ತಾಯಿತು. ತೊಡೆಯ ಮೇಲಿದ್ದ ಸೆರಗನ್ನು ಸರಿಸಿ ತಮ್ಮ ಬಲಗೈಯನ್ನು ತಾವೇ ನೋಡಿಕೊಂಡರು. ಉಂಗುರದ ಬೆರಳಿನ ತುದಿಯಲ್ಲಿ ಕುಂಕುಮ ಅಂಟಿತ್ತು, ಹೆಬ್ಬೆರಳಿಗೆ ಚೆಂಡುಹೂವಿನ ಹಳದಿ. ನನಗೆ ಅಳು ತಡೆಯಲಾಗಲಿಲ್ಲ. ಕಣದ ನಡುವೆ ನಿಂತು ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟೆ.

ಅವರ ಮಗ ಬಂದು, ಹೂವು ತೆಗೆದು ತಂತಿ ಕಚ್ಚಿಸಲು ಬಗ್ಗಿದ. ಮಾವ ಅವನ ಕೈ ಹಿಡಿದುಕೊಂಡರು.

"ಮುಟ್ಬ್ಯಾಡ ಕಣ್ಲಾ, ಅಂಗೇ ಇರ್ಲಿ."

"ಮತ್ತೆ ರಾಕೆಟ್ಟು?"

"ಯಾವೋನಿಗ್ ಬೇಕ್ಲಾ ರಾಕೆಟ್ಟು!"

ಮಾವ ಗೆರೆ ದಾಟಿ ಬಂದು, ಹೊಸ ಪಂಚೆಯಲ್ಲೇ ಅತ್ತೆಯ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟರು. ಆ ಬಲಗೈಯನ್ನು ತಮ್ಮ ಎರಡು ಕೈಗಳೊಳಗೆ ತೆಗೆದುಕೊಂಡರು. "ಎಲ್ರೂ ನೋಡ್ತಾವ್ರೆ, ಏಳಿ" ಎಂದು ಅತ್ತೆ ಗದರಿದರು. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ವಸಿ ಒತ್ತು ನೋಡನ" ಎಂದರು ಮಾವ.

ಅತ್ತೆ ಒತ್ತಿದರು.